ಪ್ರೇಮಾನಂದನ ಗೇಮುಗಳು ಪಾಲಾದದ್ದು

ಉಪ್ಪುಂದದಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗದ ಗಂಡಸು ನಮ್ಮ ಪ್ರೇಮಾನಂದ ಒಬ್ಬನೇ ಎಂದು ನಾನು ಹೇಳುವುದಿಲ್ಲ. ನಾನೂ ಹೋಗುವುದಿಲ್ಲ. ಆದರೆ ನಾನು ಹೋಗದಿರುವುದಕ್ಕೆ ಕಾರಣ ನನ್ನ ಚಾ ಹೋಟೆಲು, ಅವನು ಹೋಗದಿರುವುದಕ್ಕೆ ಕಾರಣ ವಾಂತಿ. ದಡದ ಮರಳಿನ ಮೇಲೆ ನಿಲ್ಲಿಸಿದ್ದ ದೋಣಿಯನ್ನು ಹತ್ತಿ, ಅಲ್ಲೇ ವಾಂತಿ ಮಾಡಿಕೊಂಡ ಕೀರ್ತಿ ಊರಿನಲ್ಲಿ ಅವನೊಬ್ಬನಿಗೇ ಸೇರಬೇಕು. ಅವನ ಅಪ್ಪ ಹೆಸರುವಾಸಿ ದೋಣಿಯಾಳು. ಆ ಹೊತ್ತಿಗೆ ಅವರು ದೋಣಿಯ ಇನ್ನೊಂದು ತುದಿಯಲ್ಲಿ ಕೂತಿದ್ದರು. ಪಾಪ, ಅವರೇ ಇಳಿದು ದೋಣಿ ತೊಳೆದರು.

ಹಾಗಾಗಿ ಪ್ರೇಮಾನಂದ ಕಡಲಿಗೆ ಹೋಗುವ ರಸ್ತೆಯಲ್ಲಿ, ನನ್ನ ಹೋಟೆಲಿನ ಗೋಡೆಗೆ ಗೋಡೆ ಹಚ್ಚಿ, ಒಂದು ಅಂಗಡಿ ಇಟ್ಟ. ಜೆರಾಕ್ಸು, ರೀಚಾರ್ಜು, ಅರ್ಜಿ ತುಂಬುವುದು. ಅರ್ಜಿ ಇಲ್ಲದಾಗ ಅವನು ಲ್ಯಾಪ್‌ಟಾಪಿನಲ್ಲಿ ಗೇಮ್ ಖರೀದಿಸುತ್ತಿದ್ದ. ಆಡುತ್ತಿದ್ದ ಎಂದು ನಾನು ಹೇಳಲಿಲ್ಲ, ಗಮನಿಸಿ. ಆನ್‌ಲೈನಿನಲ್ಲಿ ಡಿಸ್ಕೌಂಟ್ ಬಂದಾಗಲೆಲ್ಲ ಒಂದೊಂದು ತೆಗೆದು ತನ್ನ ಖಾತೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಊರಿನ ಗಂಡಸರೆಲ್ಲ ಸಮುದ್ರದಿಂದ ಏನಾದರೂ ತಂದು ದಡದಲ್ಲಿ ಸುರಿದು ತೋರಿಸುವಾಗ, ಅವನಿಗೆ ತೋರಿಸಲು ಇದ್ದದ್ದು ಇದೊಂದೇ. ಅದನ್ನೂ ಅವನು ಯಾರಿಗೂ ತೋರಿಸಿರಲಿಲ್ಲ, ಹೆಂಡತಿ ಕುಸುಮಳಿಗಂತೂ ಖಂಡಿತ ಇಲ್ಲ.

ಸಮಸ್ಯೆ ಶುರುವಾದದ್ದು ಕುಸುಮಳ ತಮ್ಮ ರತೀಶನಿಂದ. ರತೀಶ್ ಬ್ರಹ್ಮಾವರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವ. ತಿಳಿದವನೇ, ಆದರೆ ತಿಳಿದದ್ದನ್ನು ಮೂಗಿನಿಂದ ಹೇಳುವ ಅಭ್ಯಾಸ. ಬಾವನ ಲ್ಯಾಪ್‌ಟಾಪಿನ ಹಳೆಯ ವಿಂಡೋಸಿಗೆ ಕಂಪನಿಯವರು ಕೈ ಎತ್ತಿದ ಮೇಲೆ, ಅದನ್ನು ತೆಗೆದು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟವನು ಅವನೇ. ಅದು ಉಪಕಾರ, ಅಲ್ಲ ಎನ್ನುವುದಿಲ್ಲ. ಆದರೆ ಉಪಕಾರ ಮಾಡಿದವನು ಅದನ್ನು ತನ್ನ ಮಗಳ ನಾಮಕರಣದ ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುವ ಹೊತ್ತಿನಲ್ಲಿ, ಅರವತ್ತು ಜನರ ಎದುರು ನೆನಪು ಮಾಡಬಾರದು.

"ಬಾವ, ನಿಮ್ ಗೇಮ್ ಎಲ್ಲ ವಿಂಡೋಸಿಗೆ ಮಾಡದ್ದ್. ಲಿನಕ್ಸಂಗೆ ನಲ್ವತ್ತ್ ಓಡಿರೆ ನಿಮ್ ಪುಣ್ಯ," ಎಂದ ರತೀಶ್.

ಪ್ರೇಮಾನಂದನಿಗೆ ಲಿನಕ್ಸ್ ಬಗ್ಗೆ ಏನೂ ಗೊತ್ತಿರಲಿಲ್ಲ. ತನ್ನ ಬಳಿ ಎಷ್ಟು ಗೇಮಿದೆ ಎಂಬುದೂ ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ಬರುವಷ್ಟು ಧೈರ್ಯ ಗೊತ್ತಿರುವವನಿಗೆ ಎಲ್ಲಿಂದ ಬರಬೇಕು?

"ನಲ್ವತ್ತಾ? ನೂರ್ ಓಡತ್ತ್!"

"ಓಡ್ದಿದ್ರೆ?"

"ಓಡ್ದಿದ್ರೆ ಲ್ಯಾಪ್‌ಟಾಪ್ ನಿನ್ ಮಗ್ಳಿಗೆ! ಬಪ್ಪು ಆಯ್ತವಾರ ನೀನೇ ಬಂದ್ ತಕಂಡ್ ಹೋಗ್!"

ಪಂಕ್ತಿಯಲ್ಲಿ ಅರವತ್ತು ಕೈಗಳು ಪಾಯಸದಲ್ಲೇ ನಿಂತವು. ಪ್ರೇಮಾನಂದನ ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ನನ್ನ ಹೋಟೆಲಿಗೆ ಬಂದು ಚಾ ಹೇಳದೆ ಕೂತ. ಅವನು ಚಾ ಹೇಳದೆ ಕೂತದ್ದು ಹತ್ತು ವರ್ಷದಲ್ಲಿ ಅದೇ ಮೊದಲು.

"ಎಂತ ಮಾರಾಯ?" ಎಂದೆ.

"ಗೇಮ್ ಲಿನಕ್ಸಂಗೆ ಓಡತ್ತಾ ಇಲ್ಯಾ ಅಂದೇಳಿ ಹೇಳು ಒಂದ್ ವೆಬ್‌ಸೈಟ್ ಇತ್ತಂಬ್ರ್. ನಮ್ ಖಾತೆ ಹೆಸ್ರ್ ಹಾಕಿರೆ ಸೈ, ಇದ್ದದ್ದೆಲ್ಲ ಪಟ್ಟಿ ಮಾಡಿ ಕೊಡತ್ತಂಬ್ರ್."

"ಹಾಕಿದ್ಯಾ?"

"ಹಾಕಿದೆ. ನನ್ ಹತ್ರ ಒಂದೂ ಗೇಮ್ ಇಲ್ಲೆ ಅಂತ್ ಹೇಳತ್ತ್!"

ಯಾಕೆಂದರೆ ಈ ಮಹಾನುಭಾವ ಹೆಂಡತಿಗೆ ಕಾಣಬಾರದೆಂದು ಖಾತೆಯ ಪಟ್ಟಿಯನ್ನು ಗುಟ್ಟಾಗಿ ಇಟ್ಟಿದ್ದ. ಹೆಂಡತಿಗೆ ಕಾಣದ್ದು ವೆಬ್‌ಸೈಟಿಗೂ ಕಾಣಲಿಲ್ಲ. ಕೊನೆಗೆ ಪಟ್ಟಿಯನ್ನು ಬಹಿರಂಗ ಮಾಡಿ ಮತ್ತೆ ಹೆಸರು ಹಾಕಿದ. ಬುತ್ತಿ ತಂದ ಕುಸುಮ ಅವನ ಬೆನ್ನ ಹಿಂದೆ ನಿಂತದ್ದೂ, ಪರದೆಯ ಮೇಲೆ ಅಂಕಿ ಬಂದದ್ದೂ ಒಂದೇ ಗಳಿಗೆಯಲ್ಲಿ ಆಯಿತು.

"ಹ್ವಾಯ್, ನೂರಾ ನಲ್ವತ್ನಾಕಾ? ನಾನ್ ಐದೋ ಆರೋ ಅಂದ್ಕಂಡಿದ್ದೆ!"

"ಎಲ್ಲ ಸಣ್ ಸಣ್ಣದ್ ಕುಸುಮ," ಎಂದ ಪ್ರೇಮಾನಂದ. ಆಮೇಲೆ ಮೂರು ದಿನ ಬುತ್ತಿಯಲ್ಲಿ ಬರೀ ಗಂಜಿ ಬಂತು.

ವೆಬ್‌ಸೈಟು ಪಟ್ಟಿ ಕೊಟ್ಟಿತು, ನಿಜ. ಆದರೆ ಅದರಲ್ಲಿ ಇದ್ದದ್ದು ದೇಶವಿದೇಶದ ಆಟಗಾರರು ಬರೆದ ಅಭಿಪ್ರಾಯ. ಒಂದೇ ಗೇಮಿನ ಬಗ್ಗೆ ಒಬ್ಬ 'ಬೆಣ್ಣೆಯ ಹಾಗೆ ಓಡುತ್ತದೆ' ಎಂದಿದ್ದ, ಇನ್ನೊಬ್ಬ 'ಕಪ್ಪು ಪರದೆ ಬಿಟ್ಟರೆ ಬೇರೇನೂ ಬರಲಿಲ್ಲ' ಎಂದಿದ್ದ, ಮೂರನೆಯವನು ಒಂದು ಗೇಣುದ್ದದ ಸಾಲು ಕೊಟ್ಟು ಇದನ್ನು ಟೈಪ್ ಮಾಡಿದರೆ ಆದೀತು ಎಂದಿದ್ದ. ಪ್ರೇಮಾನಂದ ಅದನ್ನೆಲ್ಲ ನನಗೂ, ನನ್ನ ಹೋಟೆಲಿನ ಬೆಂಚಿನಲ್ಲಿ ಮೀನಿನ ಬುಟ್ಟಿ ಇಳಿಸಿ ಕೂತಿದ್ದ ಗಿರಿಜಕ್ಕನಿಗೂ ಓದಿ ಹೇಳಿದ. ಗಿರಿಜಕ್ಕ ಮೂವತ್ತು ವರ್ಷದಿಂದ ಮೀನು ಮಾರುವವಳು.

"ಇವ್ರ್ ಯಾರ್? ನೀನ್ ಮುಖ ಕಂಡಿದ್ಯಾ?" ಎಂದು ಕೇಳಿದಳು.

"ಇಲ್ಲೆ ಗಿರಿಜಕ್ಕ."

"ಮುಖ ಕಾಣ್ದವ್ರ್ ಹೇಳ್ರ್ ಅಂದೇಳಿ ನಾನ್ ಮೀನ್ ತಕಂತ್ನಾ? ಮೀನಿನ್ ಕಿವಿ ಎತ್ತಿ, ಒಳ್ಗ್ ಕೆಂಪಿತ್ತಾ ಅಂದೇಳಿ ಕಾಂಬುದ್. ಒಂದೊಂದೇ ಎತ್ತಿ ಕಾಣ್ ಮಾರಾಯ!"

ಒಂದೊಂದೇ ಎತ್ತಿ ನೋಡಬೇಕಾದರೆ ಒಂದೊಂದೇ ಡೌನ್‌ಲೋಡ್ ಆಗಬೇಕು. ಅಂಗಡಿಯ ಇಂಟರ್‌ನೆಟ್ ಕೇಬಲ್ ಜೂನ್ ತಿಂಗಳ ಮೊದಲ ಗಾಳಿಗೇ ತುಂಡಾಗಿ ತೆಂಗಿನ ಮರದಲ್ಲಿ ನೇತಾಡುತ್ತಿತ್ತು. ಪ್ರೇಮಾನಂದನ ಮೊಬೈಲಿನ ದಿನದ ಡೇಟಾ ಅರ್ಜಿ ತುಂಬುವುದರಲ್ಲೇ ಹತ್ತು ಗಂಟೆಗೆ ಮುಗಿಯುತ್ತಿತ್ತು. ನನ್ನದು ಇತ್ತು. ನಾನು ಒಳ್ಳೆಯವನು, ಹಾಟ್‌ಸ್ಪಾಟ್ ಹಾಕಿ ಕೊಟ್ಟೆ. ಒಂದು ಗೇಮು ಬರುವಷ್ಟರಲ್ಲಿ ನನ್ನದೂ ಮುಗಿಯಿತು. ಅದನ್ನು ಕಂಡು ಗಿರಿಜಕ್ಕ ಸೆರಗಿನ ಗಂಟಿನಿಂದ ತನ್ನ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟಳು. "ತಕೊ. ನಂದ್ ದಿನಾ ಹಾಂಗೇ ಹಾಳಾತ್ತ್," ಎಂದಳು.

ಆಗ ಯಾಂತ್ರಿಕ ದೋಣಿಗಳಿಗೆ ರಜೆಯ ಕಾಲ. ಗಂಡಸರೆಲ್ಲ ಬಲೆ ರಿಪೇರಿ ಮುಗಿಸಿ ಬೇಸರ ಬಂದು ಕೂತಿದ್ದರು. ಮಾತು ಹಬ್ಬಿತು. ಮಧ್ಯಾಹ್ನದೊಳಗೆ ಅಂಗಡಿಯ ಮುಂದೆ ಹದಿನೈದು ಜನ, ಹದಿನೈದು ಮೊಬೈಲು. ಒಬ್ಬನ ಡೇಟಾ ಮುಗಿದ ಕೂಡಲೇ ಇನ್ನೊಬ್ಬ ತನ್ನದನ್ನು ಹಿಡಿದು ಮುಂದೆ ಬರುತ್ತಿದ್ದ. ಇಳಿದ ಗೇಮನ್ನು ಡೇಟಾ ಕೊಟ್ಟವನೇ ಕೂತು ನಡೆಸಿ ನೋಡುವುದು ಎಂದಾಯಿತು.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಕೈರಂಪಣಿ ಎಂದು ಒಂದು ಮೀನುಗಾರಿಕೆ ಇದೆ. ದೋಣಿಯಲ್ಲಿ ಹೋಗಿ ಉದ್ದ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತಾರೆ. ಅದರ ಎರಡು ಹಗ್ಗಗಳು ದಡದಲ್ಲಿರುತ್ತವೆ. ಎಳೆಯಲು ಊರಿನವರೆಲ್ಲ ಬರುತ್ತಾರೆ. ಹಗ್ಗಕ್ಕೆ ಕೈ ಹಚ್ಚಿದವನು ಯಾರೇ ಇರಲಿ, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನೇ ಇರಲಿ, ಅವನಿಗೆ ಮೀನಿನಲ್ಲಿ ಪಾಲು ಉಂಟು. ಯಾರೂ ಮಾತಾಡಿ ಒಪ್ಪಿಕೊಳ್ಳುವುದಿಲ್ಲ, ಬರೆದು ಸಹಿ ಹಾಕುವುದಿಲ್ಲ. ಕೈ ಹಚ್ಚಿದರೆ ಪಾಲು, ಮುಗಿಯಿತು. ಇದು ಉಪ್ಪುಂದದ ಕೂಸಿಗೂ ಗೊತ್ತು. ಗೊತ್ತಿಲ್ಲದವನು ಒಬ್ಬನೇ, ಹಗ್ಗದ ಹತ್ತಿರ ಹೋದರೂ ಹೊಟ್ಟೆ ತೊಳಸುವ ಪ್ರೇಮಾನಂದ. ಅವನು ಊರಿನವರ ಪ್ರೀತಿ ಕಂಡು ಕಣ್ಣೊರೆಸಿಕೊಳ್ಳುತ್ತಿದ್ದ.

ಎರಡನೆಯ ದಿನ ಕೈರಂಪಣಿಯ ಯಜಮಾನ ಅಣ್ಣಯ್ಯನವರು ಬಂದರು. ಎಪ್ಪತ್ತೆರಡು ವರ್ಷ, ಮಾತು ಕಡಿಮೆ, ಪಾಲು ಹಂಚುವುದರಲ್ಲಿ ಅವರ ಮಾತಿಗೆ ಎದುರಿಲ್ಲ. ಬಂದವರೇ ಒಂದು ನೋಟ್‌ಪುಸ್ತಕ ತೆಗೆದುಕೊಂಡು ಎಡಕ್ಕೆ ಗೇಮಿನ ಹೆಸರು, ಬಲಕ್ಕೆ ಡೇಟಾ ಕೊಟ್ಟವರ ಹೆಸರು ಬರೆಯತೊಡಗಿದರು. ಎಂಥ ಶಿಸ್ತು ಎಂದು ಪ್ರೇಮಾನಂದ ಮೆಚ್ಚಿಕೊಂಡ.

ಓಡಿತು ಎಂದರೆ ಏನು ಎಂಬುದರ ಬಗ್ಗೆ ಮೊದಲ ಜಗಳ ಆಯಿತು. ಚಂದ್ರ ಎಂಬ ದೋಣಿ ಚಾಲಕ ಕಾರಿನ ಗೇಮು ಹಾಕಿದ. ಕಾರು ಬಂತು, ಹಾಡು ಬಂತು, ಮರುಗಳಿಗೆ ಎಲ್ಲ ಮಾಯ.

"ಓಡ್ತ್! ಬರೀನಿ ಅಣ್ಣಯ್ಯ!" ಎಂದ ಚಂದ್ರ.

"ಎಲ್ಲಿ ಓಡ್ತ್? ಶೆಡ್ಡಿಂದ ಹೆರಗೇ ಬರ್ಲಿಲ್ಲೆ!" ಎಂದಳು ಗಿರಿಜಕ್ಕ.

ಅಣ್ಣಯ್ಯ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು. ಗೇಮು ಶುರುವಾದ ಮೇಲೆ ಒಂದು ಚಾ ಕುಡಿದು ಮುಗಿಯುವ ತನಕ ನಿಂತರೆ ಓಡಿದ ಹಾಗೆ, ಇಲ್ಲದಿದ್ದರೆ ಇಲ್ಲ. ಇಷ್ಟು ನ್ಯಾಯವಾದ ತೀರ್ಪನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಆ ವಾರ ನಾನು ಹಾಲು ಎರಡು ಪಟ್ಟು ತರಿಸಿದೆ.

ಆಮೇಲೆ ಕೆಲಸ ಸರಾಗವಾಯಿತು. ಕಮಲಜ್ಜಿಯ ಪಾಲಿಗೆ ದೆವ್ವದ ಗೇಮು ಬಂತು. ಕತ್ತಲೆ ಮನೆಯಲ್ಲಿ ಕೂದಲು ಬಿಚ್ಚಿದ ಹೆಂಗಸೊಬ್ಬಳು ಗೋಡೆಯಿಂದ ಹೊರಗೆ ಬಂದಳು. ಅಂಗಡಿಯಲ್ಲಿದ್ದ ಗಂಡಸರು ನಾಲ್ಕು ಹೆಜ್ಜೆ ಹಿಂದೆ ಹೋದರು. ಕಮಲಜ್ಜಿ ಕನ್ನಡಕ ಸರಿಮಾಡಿಕೊಂಡು, "ಎಂತ ಹೆಣ್ಣೇ, ತಲಿಗ್ ಒಂಚೂರ್ ಎಣ್ಣಿ ಹಾಕುಕಾತಿಲ್ಯಾ ನಿಂಗೆ?" ಎಂದು ಕೇಳಿ, ಚಾ ಪೂರ್ತಿ ಕುಡಿದು, "ಬರಿ ಅಣ್ಣಯ್ಯ, ಓಡ್ತ್," ಎಂದಳು. ಬೇರೆ ಆಟಗಾರರ ಜೊತೆ ಆನ್‌ಲೈನಿನಲ್ಲಿ ಆಡುವ ದೊಡ್ಡ ದೊಡ್ಡ ಗೇಮುಗಳು ಮಾತ್ರ ಕಳ್ಳಾಟ ಹಿಡಿಯುವ ಕಾವಲು ಇಟ್ಟುಕೊಂಡು ಲಿನಕ್ಸ್ ಕಂಡ ಕೂಡಲೇ ಬಾಗಿಲು ಹಾಕಿದವು.

ಗುರುವಾರ ಅರವತ್ತೆಂಟು ಆಯಿತು. ಅಂದೇ ಪೊಲೀಸರು ಬಂದರು. ಪೊಲೀಸರು ಎಂದರೆ ಒಬ್ಬರೇ, ಬೀಟಿನ ಕಾನ್‌ಸ್ಟೆಬಲ್ ರವಿಚಂದ್ರ. ಒಂದು ಸಣ್ಣ ಅಂಗಡಿಯಲ್ಲಿ ಮೂವತ್ತು ಜನ ಸೇರಿ ದಿನವಿಡೀ 'ಓಡ್ತ್, ಓಡ್ತ್' ಎಂದು ಕೂಗುತ್ತಾರೆ, ಒಬ್ಬ ಮುದುಕ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾನೆ ಎಂದು ಯಾರೋ ಹೇಳಿದ್ದರು. ಅವರಿಗೆ ಬೆಟ್ಟಿಂಗಿನ ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ.

"ಎಂತ ನಡೀತಿತ್ತ್ ಇಲ್ಲಿ? ಪುಸ್ತಕ ಇಲ್ ಕೊಡಿ!"

ಪ್ರೇಮಾನಂದ ಕುರ್ಚಿಯಿಂದ ಎದ್ದು ನಿಂತ. ಅಣ್ಣಯ್ಯ ತಲೆ ಎತ್ತದೆ ಕೇಳಿದರು, "ನಿಮ್ ಮೊಬೈಲಂಗೆ ಡೇಟಾ ಎಷ್ಟ್ ಇತ್ತ್ ಸಾಯ್ಬ್ರೆ?"

"ಎಂತಕೆ?"

"ಒಂದ್ ಎರಡ್ ಜಿಬಿ ಬೇಕಿತ್ತ್. ಹುಲಿ ಬೇಟಿ ಗೇಮ್, ಅರ್ಧ ಇಳ್ದ್ ನಿತ್ಕಂಡಿತ್ತ್."

ಕಾನ್‌ಸ್ಟೆಬಲ್ ರವಿಚಂದ್ರ ಎರಡು ನಿಮಿಷ ಗದರಿದರು, ಐದು ನಿಮಿಷ ವಿಚಾರಿಸಿದರು, ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟು ಹಾಟ್‌ಸ್ಪಾಟ್ ಹಾಕಿದರು. ಹುಲಿ ಒಂದು ಚಾ ತನಕ ಅಲ್ಲ, ಎರಡು ಚಾ ತನಕ ಓಡಿತು. ಹೋಗುವಾಗ ತಮ್ಮ ಹೆಸರು ಪುಸ್ತಕದಲ್ಲಿ ಸರಿಯಾಗಿ ಬರೆದಿದೆಯೇ ಎಂದು ಬಗ್ಗಿ ನೋಡಿಕೊಂಡರು.

ಶನಿವಾರ ಮಧ್ಯಾಹ್ನ ನೂರನೆಯದು ಓಡಿತು. ಸಂಜೆಯೊಳಗೆ ಎಲ್ಲ ನೂರಾ ನಲವತ್ನಾಲ್ಕೂ ಮುಗಿದು, ಓಡಿದ್ದು ನೂರಾ ಮೂರು, ಓಡದ್ದು ನಲವತ್ತೊಂದು ಎಂದಾಯಿತು. ಪ್ರೇಮಾನಂದ ಕುಣಿದ. ಗಿರಿಜಕ್ಕನ ಕಾಲಿಗೆ ಬೀಳಲು ಹೋದ. ಎಲ್ಲರಿಗೂ ನನ್ನ ಹೋಟೆಲಿನಿಂದ ಗೋಳಿಬಜೆ ಕೊಡಿಸಿದ. ಗೋಳಿಬಜೆ ತಿಂದು ಕೈ ಒರೆಸಿಕೊಂಡ ಮೇಲೂ ಯಾರೂ ಎದ್ದು ಹೋಗಲಿಲ್ಲ.

"ಹಾಂಗಾರೆ ಪಾಲ್ ಮಾಡುವನಾ?" ಎಂದರು ಅಣ್ಣಯ್ಯ.

ಪ್ರೇಮಾನಂದ ನಕ್ಕ. ಬೇರೆ ಯಾರೂ ನಗಲಿಲ್ಲ.

"ಎಂತ ಪಾಲ್ ಅಣ್ಣಯ್ಯ?"

"ನೂರಾ ಮೂರ್ ಸಿಕ್ಕಿತ್ತಲೆ. ಎಳ್ದವ್ರಿಗ್ ಪಾಲ್ ಬ್ಯಾಡ್ದಾ?"

"ಅದ್ ನನ್ ಗೇಮ್! ನಾನ್ ತಕಂಡದ್ದ್!"

"ಬಲೆ ನಿಂದೇ ಮಾರಾಯ, ಯಾರ್ ಇಲ್ಲೆ ಅಂದ್ರ್?" ಎಂದಳು ಗಿರಿಜಕ್ಕ. "ಎಳ್ದದ್ದ್ ಯಾರ್? ನಮ್ ಡೇಟಾ ಇಲ್ದಿದ್ರೆ ನಿನ್ ಗೇಮ್ ಇನ್ನೂ ಅಮೆರಿಕದಂಗೇ ಇರ್ತಿತ್ತ್!"

ಗೇಮನ್ನು ಹಂಚಲು ಬರುವುದಿಲ್ಲ, ಖಾತೆ ಒಂದೇ, ಅದು ಕಂಪನಿಯ ನಿಯಮ ಎಂದು ಅವನು ಬೆವರಿಳಿಸಿ ವಿವರಿಸಿದ. ಬಂಗುಡೆಯನ್ನೂ ಅಂಜಲನ್ನೂ ಐವತ್ತು ವರ್ಷ ಹಂಚಿದ ಅಣ್ಣಯ್ಯನಿಗೆ ಇದೆಲ್ಲ ಕ್ಷುಲ್ಲಕವಾಗಿ ಕಂಡಿತು. ಕಡಿಯಲು ಬಾರದ್ದನ್ನು ಸರತಿಯಲ್ಲಿ ಅನುಭವಿಸುವುದು ಎಂದರು. ಯಾರ ಪಾಲಿನ ಗೇಮೋ ಅವರು ಬಂದು, ಇದೇ ಲ್ಯಾಪ್‌ಟಾಪಿನಲ್ಲಿ, ದಿನಕ್ಕೆ ಅರ್ಧ ಗಂಟೆ ಆಡಬೇಕು. ಬೇರೆಯವರ ಪಾಲಿನದನ್ನು ಮುಟ್ಟಬಾರದು. ಪ್ರೇಮಾನಂದ ಖಂಡಿತ ಆಗದು ಎಂದ. "ಹಾಂಗಾರೆ ಪಾಲಾಪು ತನಕ ಬಲೆ ದಡ ಬಿಡುಕಿಲ್ಲೆ," ಎಂದು ಅಣ್ಣಯ್ಯ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತರು.

ಭಾನುವಾರ ಹತ್ತು ಗಂಟೆಗೆ ರತೀಶ್ ಬಂದಿಳಿದ. ಹೆಗಲಿಗೆ ಲ್ಯಾಪ್‌ಟಾಪಿನ ಖಾಲಿ ಬ್ಯಾಗು! ಅದನ್ನು ಕಂಡು ನನಗೇ ಮೈ ಉರಿಯಿತು, ಇನ್ನು ಪ್ರೇಮಾನಂದನ ಗತಿ ಏನಾಗಿರಬೇಡ?

"ಎಷ್ಟ್ ಆಯ್ತ್ ಬಾವ?"

"ನೂರಾ ಮೂರ್!"

"ಲೆಕ್ಕ ಎಲ್ಲಿ?"

ಪ್ರೇಮಾನಂದ ಅಣ್ಣಯ್ಯನ ಮುಖ ನೋಡಿದ. ಅಣ್ಣಯ್ಯ ಕಡಲಿನ ಕಡೆ ನೋಡಿದರು. ಉಳಿದ ಮೂವತ್ತೆರಡು ಜನರೂ ಕಡಲಿನ ಕಡೆ ನೋಡಿದರು. ಅವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ, ನನ್ನ ಪಾಲೂ ಅದರಲ್ಲಿತ್ತಲ್ಲ. ರತೀಶ್ ಬ್ಯಾಗಿನ ಜಿಪ್ ಎಳೆದ. ಆ ಶಬ್ದಕ್ಕೆ ಪ್ರೇಮಾನಂದನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು. ಆಗ ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

"ಆಯ್ತ್! ಪಾಲ್ ಮಾಡಿ ಅಣ್ಣಯ್ಯ! ಎಲ್ಲ ಪಾಲ್ ಮಾಡಿ!" ಎಂದು ಅವನು ಕೂಗಿದ.

ಪುಸ್ತಕ ಸೊಂಟದಿಂದ ಹೊರಗೆ ಬಂತು. ರತೀಶ್ ಅದನ್ನು ಹಾಳೆ ಹಾಳೆ ತಿರುವಿದ. ನಂಬಲಿಲ್ಲ. ತಾನೇ ಒಂದನ್ನು ಆರಿಸಿ, ತಾನೇ ಇಳಿಸಿ ನೋಡುತ್ತೇನೆ ಎಂದ. ಯಾರೂ ಡೇಟಾ ಕೊಡಲಿಲ್ಲ. ಸಿಟ್ಟಿನಲ್ಲಿ ತನ್ನ ಮೊಬೈಲನ್ನೇ ತೆಗೆದು ಹಾಟ್‌ಸ್ಪಾಟ್ ಹಾಕಿದ. ರೈಲಿನ ಗೇಮು ಇಳಿಯಿತು. ನಾನು ಚಾ ಕೊಟ್ಟೆ. ಅವನು ಕುಡಿದು ಮುಗಿಸಿ, ಲೋಟ ಇಟ್ಟು, ಇನ್ನೊಂದು ಸ್ಟೇಷನ್ ದಾಟಿದ.

"ಓಡ್ತ್," ಎಂದ, ಬಹಳ ಸಣ್ಣ ದನಿಯಲ್ಲಿ.

ಅಣ್ಣಯ್ಯ ಪುಸ್ತಕ ಎಳೆದುಕೊಂಡು ಬರೆದರು. "ಬ್ರಹ್ಮಾವರದ ರತೀಶ್. ಕೈ ಹಚ್ಚಿದ್ರ್. ಇವ್ರಿಗೂ ಒಂದ್ ಪಾಲ್."

ಮೂವತ್ನಾಲ್ಕು ಜನ, ತಲೆಗೆ ಮೂರು ಗೇಮು. ಒಂದು ಉಳಿಯಿತು, ಅದು ದೇವರ ಪಾಲು. ಅದನ್ನು ಯಾರೂ ಆಡುವಂತಿಲ್ಲ. ಕಾನ್‌ಸ್ಟೆಬಲರಿಗೆ ಅವರದೇ ಹುಲಿ ಸಿಕ್ಕಿತು. ನಾಲ್ಕನೇ ದಿನ ಸೀರಿಯಲ್ ಬಿಟ್ಟು ಡೇಟಾ ಕೊಟ್ಟಿದ್ದ ಕುಸುಮಳಿಗೆ ಕೋಟೆ ಕಟ್ಟುವ ಗೇಮು ಬಂತು. ಈಗ ಅವಳು ಬುತ್ತಿ ಕೊಟ್ಟು ಹೋಗುವವಳಲ್ಲ, ಕೂತು ಒಂದು ಬುರುಜು ಎಬ್ಬಿಸಿಯೇ ಹೋಗುವವಳು. ರತೀಶ್ ಖಾಲಿ ಬ್ಯಾಗು ಹಿಡಿದು ಹೋದನಾದರೂ ಪ್ರತಿ ಭಾನುವಾರ ಬ್ರಹ್ಮಾವರದಿಂದ ಬಸ್ಸು ಹತ್ತಿ ರೈಲು ಓಡಿಸಲು ಬರುತ್ತಾನೆ. ಬಂದಾಗ ಬಾವನನ್ನು 'ನೂರಾ ಮೂರು ಬಾವ' ಎಂದು ಕರೆಯುತ್ತಾನೆ, ಗೌರವದಿಂದಲೇ.

ಎಲ್ಲ ಹಂಚಿ ಮುಗಿದ ಮೇಲೆ ಪ್ರೇಮಾನಂದ ಕೇಳಿದ್ದ, "ಅಣ್ಣಯ್ಯ, ನಂಗೆ?"

"ನೀನ್ ಎಷ್ಟ್ ಡೇಟಾ ಕೊಟ್ಟಿದ್ದೆ?"

"ನಂದ್ ಬೆಳಿಗ್ಗೇ ಮುಗೀತಿತ್ತಲೆ..."

"ಎಳ್ದವ್ರ ಪಾಲ್ ನಿಂಗ್ ಬತ್ತಿಲ್ಲೆ. ಬಲೆ ಪಾಲ್ ಇತ್ತ್." ಅಣ್ಣಯ್ಯ ಕೊನೆಯ ಹಾಳೆ ತೆರೆದರು. "ಓಡ್ದೇ ಇದ್ದದ್ದ್ ನಲ್ವತ್ತೊಂದ್. ಅದ್ ಪೂರಾ ನಿಂದೇ. ಯಾರೂ ಕೇಳುಕ್ ಬತ್ತಿಲ್ಲೆ."

ಹಾಗೆ ನಮ್ಮ ಪ್ರೇಮಾನಂದ ಲ್ಯಾಪ್‌ಟಾಪು ಉಳಿಸಿಕೊಂಡ. ಸರತಿಯಲ್ಲಿ ಅವನಿಗೆ ಸಿಕ್ಕಿದ್ದು ಮಧ್ಯಾಹ್ನ ಎರಡರಿಂದ ಎರಡೂವರೆ, ಊರೆಲ್ಲ ಉಂಡು ಮಲಗುವ ಹೊತ್ತು. ಆ ಅರ್ಧ ಗಂಟೆಯಲ್ಲಿ ಅವನು ನಲವತ್ತೊಂದರಲ್ಲಿ ಒಂದನ್ನು ಹಿಡಿದು ಕೂರುತ್ತಿದ್ದ. ವೆಬ್‌ಸೈಟಿನಲ್ಲಿ ಯಾವುದೋ ದೇಶದವನು ಕೊಟ್ಟ ಗೇಣುದ್ದದ ಸಾಲನ್ನು ಅಕ್ಷರ ಅಕ್ಷರ ನೋಡಿ ಟೈಪ್ ಮಾಡುತ್ತಿದ್ದ. ಕಪ್ಪು ಪರದೆ. ಇನ್ನೊಬ್ಬನ ಸಾಲು. ಕಪ್ಪು ಪರದೆ. ಹದಿನೇಳು ದಿನ ಹೀಗೆ ಹೋಯಿತು. ನನಗಾದರೆ ಲ್ಯಾಪ್‌ಟಾಪನ್ನು ಬಾವಿಗೆ ಹಾಕುವಷ್ಟು ಸಿಟ್ಟು ಬರುತ್ತಿತ್ತು. ಅವನು ಮಾತ್ರ ದಿನದಿನಕ್ಕೆ ಗೆಲುವಾಗುತ್ತಿದ್ದ. ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಬಿಟ್ಟು ಗೇಮಿನ ಜೊತೆ ಅವನು ಕೂತದ್ದು ಅದೇ ಮೊದಲಲ್ಲವೇ.

ಹದಿನೆಂಟನೆಯ ದಿನ ಪರದೆ ಬೆಳಗಿತು. ನಾನು ಬಾಗಿಲಿನಿಂದ ನೋಡುತ್ತಿದ್ದೆ. ಹಸಿರು ಗುಡ್ಡ, ಒಂದು ಕುದುರೆ, ಕುದುರೆಯ ಮೇಲೆ ಒಬ್ಬ ಮನುಷ್ಯ. ಪ್ರೇಮಾನಂದ ಉಸಿರು ಬಿಗಿಹಿಡಿದು ಕೈಸನ್ನೆ ಮಾಡಿದ. ನಾನು ಚಾ ತಂದಿಟ್ಟೆ. ಅವನು ಗುಟುಕು ಗುಟುಕಾಗಿ, ಲೋಟದ ತಳ ಕಾಣುವ ತನಕ ಕುಡಿದ. ಕುದುರೆ ನಿಲ್ಲಲಿಲ್ಲ.

"ಓಡ್ತ್," ಎಂದು ಪಿಸುಗುಟ್ಟಿದ. ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. "ಇದ್ ನಂದ್. ಪೂರಾ ನಂದ್. ಯಾರಿಗೂ ಹೇಳ್ಬ್ಯಾಡ ಮಾರಾಯ."

ನಾನು ಹೇಳಲಿಲ್ಲ. ನನ್ನ ಬೆಂಚಿನ ಮೇಲೆ ಬುಟ್ಟಿ ತಲೆದಿಂಬು ಮಾಡಿ ಮಲಗಿದ್ದ ಗಿರಿಜಕ್ಕ ತಾನಾಗಿಯೇ ಎದ್ದಳು. ಸೆರಗಿನ ಗಂಟು ಬಿಚ್ಚಿ ಮೊಬೈಲ್ ತೆಗೆದಳು. ಪಂದ್ಯದ ವಾರ ಹಾಕಿದ ಹಾಟ್‌ಸ್ಪಾಟನ್ನು ಆರಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಲ್ಯಾಪ್‌ಟಾಪು ಇಷ್ಟು ದಿನವೂ ಅವಳ ಡೇಟಾವನ್ನೇ ಎಳೆದುಕೊಳ್ಳುತ್ತಿತ್ತು.

"ಹ್ವಾಯ್ ಪ್ರೇಮಾನಂದ," ಎಂದು ಕರೆಯುತ್ತ ಅವಳು ಅಂಗಡಿಯ ಮೆಟ್ಟಿಲು ಹತ್ತಿದಳು. "ನನ್ ಡೇಟಾ ಪೂರಾ ಮುಗೀತಂದೇಳಿ ಮೆಸೇಜ್ ಬಂತಲೆ. ಎಂತ ಓಡ್ತ್? ಒಂಚೂರ್ ಆಚಿಗ್ ಸರಿ, ಕಾಂಬ."